ಸೀರೆ ಅಂಚಿನ ಗಂಟು: ಕೊಡಗಿನ ಒಂದು ಲೈನ್ ಮನೆಯ ಪ್ರಕರಣ

ಜುಲೈ ಮಳೆಯಲ್ಲಿ ಬಿಪಿ ಮಾತ್ರೆ ಕೊಡಲು ತೋಟದ ಕೆಲಸಗಾರರ ಲೈನ್ ಮನೆಗೆ ಹೋದ ಆಶಾ ಕಾರ್ಯಕರ್ತೆಗೆ ಅಜ್ಜಿಯ ಎಡಗಾಲಲ್ಲಿ ಒಂದು ಗುರುತು ಕಂಡಿತು. ಗೆಜ್ಜೆ ಕಟ್ಟುವ ಜಾಗದಲ್ಲಿ ಸುತ್ತಲೂ ಕೆಂಪಗಾಗಿತ್ತು. ಮಂಚದ ಕಾಲಿಗೆ ಹಳೆ ಸೀರೆಯ ಅಂಚನ್ನು ಗಂಟು ಹಾಕಿದ್ದರು. ಅದರ ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಆ ತುದಿಗೆ ಹತ್ತಿ ಇಟ್ಟು, ಮೇಲೆ ಬಟ್ಟೆ ಸುತ್ತಿ, ದಪ್ಪ ನೂಲಿನಲ್ಲಿ ಹೊಲಿದಿತ್ತು. ಹೊಲಿಗೆ ಸೊಟ್ಟಪಟ್ಟ. ಮಕ್ಕಳ ಕೈಯ ಹೊಲಿಗೆ.

ಆಶಾ ಅಕ್ಕ ಗುರುತಿನ ಬಗ್ಗೆ ಹೇಳಿದರು. ಹೊಲಿಗೆಯ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನಮಗೆಲ್ಲ ಅರ್ಥವಾಗಲು ಅಲ್ಲಿಂದ ಏಳು ತಿಂಗಳು ಹಿಡಿಯಿತು.

ನಾನು ಕೊಡಗಿನಲ್ಲಿ ಮಕ್ಕಳು ಮತ್ತು ಹಿರಿಯರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಈ ಪ್ರಕರಣದಲ್ಲಿ ಮೊದಲ ವರದಿ ಬರೆದವಳು ನಾನೇ. ಆ ವರದಿ ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತು, ಆಮೇಲೆ ಹೇಗೆ ಸರಿ ಮಾಡಿಕೊಂಡೆವು ಅನ್ನುವುದನ್ನು ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ. ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆ ಬರಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಹಾಗಾಗಿ ಊರು, ತೋಟ, ಸಮುದಾಯ ಯಾವುದನ್ನೂ ಬರೆದಿಲ್ಲ. ಕೆಲವು ವಿವರಗಳನ್ನು ಬೇಕಂತಲೇ ಬದಲಿಸಿದ್ದೇನೆ.

ಮನೆ

ಮನೆಯಲ್ಲಿ ಮೂರು ಜನ. ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಮಗನ ಮಗಳು. ಹುಡುಗಿಗೆ 12 ವರ್ಷ, ಆರನೇ ಕ್ಲಾಸು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಪ್ಪ ಕಾಫಿ ತೋಟದ ಕೆಲಸಗಾರ. ಕುಡಿತ ಇತ್ತು. ಮಳೆಗಾಲಕ್ಕೆ ಮುಂಚೆ ಧಣಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದರು.

ಲೈನ್ ಮನೆ ಅಂದರೆ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಒಂದು ಮಾತು. ಅದು ತೋಟದ ಮಾಲೀಕರು ಕೆಲಸಗಾರರಿಗೆ ಕೊಟ್ಟ ಮನೆ, ಕೆಲಸ ಇರುವ ತನಕ ವಾಸ. ಕೆಲಸ ಹೋದರೆ ಮನೆಯೂ ಹೋಯಿತು. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳದೆ ಲೈನ್ ಮನೆಯ ಬಗ್ಗೆ ಯಾವ ದೂರು ಬರೆದರೂ ಅದರ ಪೆಟ್ಟು ಮೊದಲು ಬೀಳುವುದು ನಾವು ಯಾರನ್ನು ಕಾಪಾಡಬೇಕು ಅಂತಿದ್ದೇವೋ ಅವರ ಮೇಲೆಯೇ.

ಇನ್ನೊಂದು, ಆನೆ. ಮನೆಯ ಹಿಂದೆ ನಾನೂರು ಹೆಜ್ಜೆ ನಡೆದರೆ ಆನೆ ದಾಟುವ ದಾರಿ. ಹಲಸು ಹಣ್ಣಾಗುವ ಹೊತ್ತಿಗೆ ಸಂಜೆ ಐದೂವರೆಯ ಮೇಲೆ ಅಲ್ಲಿ ಯಾರೂ ಓಡಾಡುವುದಿಲ್ಲ. ಅಜ್ಜಿ ಓಡಾಡುತ್ತಿದ್ದರು.

ಕತ್ತಲಾಗುತ್ತಾ ಬಂದರೆ ಅವರಿಗೆ ಗಾಬರಿ ಶುರುವಾಗುತ್ತಿತ್ತು. ಸತ್ತು ಎಷ್ಟೋ ವರ್ಷವಾದ ಗಂಡನಿಗೆ ಊಟ ಕೊಡಬೇಕು ಅಂತ ತಟ್ಟೆ ಹಿಡಿದುಕೊಂಡು ಹೊರಡುತ್ತಿದ್ದರು. ಮೊಮ್ಮಗಳು ಹಿಂದೆ ಓಡಿ ಕರೆತರುತ್ತಿದ್ದಳು. ಹಗಲಿನಲ್ಲೂ ಹೀಗಾಗಲು ಶುರುವಾದಾಗ, ಶಾಲೆಗೆ ಹೋಗುವ ದಿನ ಬೆಳಗ್ಗೆ ಆ ಸೀರೆ ಅಂಚನ್ನು ಅಜ್ಜಿಯ ಕಾಲಿಗೆ ಕಟ್ಟಿ ಹೋಗತೊಡಗಿದಳು. ಅಪ್ಪ ಮಧ್ಯಾಹ್ನ ಊಟಕ್ಕೆ ಬಂದು ಬಿಚ್ಚಬೇಕು ಅನ್ನುವುದು ಮನೆಯ ಏರ್ಪಾಡು. ಕೆಲವು ದಿನ ಬರುತ್ತಿದ್ದರು. ಕೆಲವು ದಿನ ಇಲ್ಲ.

ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಯಾರಿಗೆ ಏನು ಗೊತ್ತಿತ್ತು

ಆಶಾ ಅಕ್ಕ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿಸಿದರು. ಅಲ್ಲಿಂದ ಪೊಲೀಸರಿಗೆ ಮಾಹಿತಿ ಹೋಯಿತು. ಇಬ್ಬರು ಸಿಬ್ಬಂದಿ ಒಂದು ಸಂಜೆ ಮನೆಗೆ ಬಂದರು. ಅಪ್ಪ ಕುಡಿದಿದ್ದರು. ತಾಯಿಯನ್ನು ಕಟ್ಟಿಹಾಕುತ್ತೀಯಾ ಅಂತ ಗದರಿದರು, ಎಚ್ಚರಿಕೆ ಕೊಟ್ಟರು, ಸಹಿ ಹಾಕಿಸಿಕೊಂಡರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಕಟ್ಟಿದ್ದು ನಾನು ಅಂತ ಅವಳು ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಮಗಳ ಹೆಸರು ಬರಬಾರದು ಅಂತ ಸುಮ್ಮನೆ ಬೈಸಿಕೊಂಡರು. ಆ ಮನುಷ್ಯನ ಬಗ್ಗೆ ನನಗೆ ಸಿಟ್ಟಿದೆ, ಆದರೆ ಆ ಸಂಜೆಯ ಮೌನವನ್ನು ನಾನು ಗೌರವಿಸುತ್ತೇನೆ.

ಪೊಲೀಸರ ಲೆಕ್ಕದಲ್ಲಿ ಅದು ತಾಯಿ ಮಗನ ಜಗಳ. ಬುದ್ಧಿ ಹೇಳಿ ಮುಗಿಸಲಾಗಿದೆ ಅಂತ ಬರೆದಾಯಿತು.

ಶಾಲೆಯಲ್ಲಿ ಹುಡುಗಿಯ ಗೈರುಹಾಜರಿ ಜೂನ್‌ನಿಂದಲೇ ಇತ್ತು. ಆದರೆ ಮಳೆಗಾಲದಲ್ಲಿ ಇಲ್ಲಿ ರಜೆ ಘೋಷಣೆ ಆಗುತ್ತಲೇ ಇರುತ್ತದೆ. ರಜೆ ಇಲ್ಲದ ದಿನ ಆನೆ ರಸ್ತೆಯಲ್ಲಿ ನಿಂತಿರುತ್ತದೆ. ತೋಟದ ಮಕ್ಕಳು ಬರದಿದ್ದರೆ ಯಾವ ಟೀಚರ್‌ಗೂ ಆಶ್ಚರ್ಯ ಆಗುವುದಿಲ್ಲ. ಮಳೆ, ಆನೆ ಅಂತ ಬರೆದುಕೊಂಡರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಆಸ್ಪತ್ರೆಯ ಪುಸ್ತಕದಲ್ಲಿ ಅಜ್ಜಿ ಬಿಪಿ ರೋಗಿ, ಅಷ್ಟೇ. ಮರೆವಿನ ಬಗ್ಗೆ ಕೇಳಿದರೆ 'ವಯಸ್ಸಾಯ್ತಲ್ವಾ' ಅಂತ ಅಪ್ಪ ಹೇಳುತ್ತಿದ್ದರು, ಸಿಸ್ಟರ್ ಒಪ್ಪಿಕೊಳ್ಳುತ್ತಿದ್ದರು. ಕಂದಾಯದವರ ಕಡತದಲ್ಲಿ ಅವರು ಸಂಧ್ಯಾ ಸುರಕ್ಷಾ ಪಿಂಚಣಿಯ ಫಲಾನುಭವಿ, ತಿಂಗಳಿಗೆ 1,200 ರೂಪಾಯಿ. ಹಣ ಬಿಡಿಸಿಕೊಳ್ಳುತ್ತಿದ್ದದ್ದು ಮಗ. ತೋಟದ ರೈಟರ್ ಪುಸ್ತಕದಲ್ಲಿ ಹುಡುಗಿಯ ಹೆಸರೇ ಇರಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಷ್ಟು ಜನಕ್ಕೂ ಆ ಮನೆ ಗೊತ್ತಿತ್ತು. ಒಬ್ಬರೂ ಕೆಲಸಗಳ್ಳರಲ್ಲ. ತಮ್ಮ ತಮ್ಮ ನಮೂನೆಯಲ್ಲಿ ಇರುವ ಖಾನೆಗಳನ್ನು ಎಲ್ಲರೂ ತುಂಬಿದ್ದರು. ಹನ್ನೆರಡು ವರ್ಷದ ಹುಡುಗಿ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಳೆ ಅಂತ ಬರೆಯಲು ಯಾವ ನಮೂನೆಯಲ್ಲೂ ಖಾನೆ ಇರಲಿಲ್ಲ.

ಜನವರಿ, ಮತ್ತು ನಮ್ಮ ಮೊದಲ ತೀರ್ಮಾನ

ರೊಬಸ್ಟಾ ಕೊಯ್ಲು ಶುರುವಾಯಿತು. ಜನವರಿಯಲ್ಲಿ ಒಂದು ಸಂಜೆ ಅಂಗನವಾಡಿ ಕಾರ್ಯಕರ್ತೆ ತೋಟದ ದಾರಿಯಲ್ಲಿ ಬರುವಾಗ, ತೂಕ ಹಾಕುವ ಜಾಗದಲ್ಲಿ ಈ ಹುಡುಗಿ ಕಾಫಿ ಹಣ್ಣಿನ ಚೀಲ ಎಳೆಯುವುದನ್ನು ನೋಡಿದರು. 1098ಕ್ಕೆ ಫೋನ್ ಮಾಡಿದರು. 2023ರಿಂದ ಈ ಸಹಾಯವಾಣಿಯನ್ನು ಸರ್ಕಾರವೇ ನೋಡಿಕೊಳ್ಳುತ್ತಿದೆ, 112ರ ಜೊತೆಗೂ ಜೋಡಿಸಿದ್ದಾರೆ. ಹಾಗಾಗಿ ಸುದ್ದಿ ಬೇಗ ತಲುಪಿತು. ಮರುದಿನ ಮಕ್ಕಳ ರಕ್ಷಣಾ ಸಿಬ್ಬಂದಿ, ಕಾರ್ಮಿಕ ನಿರೀಕ್ಷಕರು, ನಾನು ಹೋದೆವು. ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅದು ಕಾನೂನು. ಹಾಜರುಪಡಿಸಿದೆವು.

ನಾನು ಆ ಮನೆಯಲ್ಲಿ ಕಳೆದದ್ದು ಬರೀ ನಲವತ್ತು ನಿಮಿಷ. ಕಂಡದ್ದು ಇಷ್ಟು: ಕುಡಿಯುವ ಅಪ್ಪ, ಶಾಲೆ ಬಿಟ್ಟು ಕೆಲಸ ಮಾಡುವ ಮಗಳು, ಕಟ್ಟಿಹಾಕಿದ ಅಜ್ಜಿ. ಹುಡುಗಿಗೆ ಮನೆ ಸುರಕ್ಷಿತವಲ್ಲ, ವಿಚಾರಣೆ ಮುಗಿಯುವ ತನಕ ಬಾಲಮಂದಿರದಲ್ಲಿ ಇರಿಸುವುದು ಒಳ್ಳೆಯದು ಅಂತ ಬರೆದೆ. ಹುಡುಗಿ ಹೋದ ಮೇಲೆ ಹಗಲಿನಲ್ಲಿ ಅಜ್ಜಿಯನ್ನು ನೋಡುವವರು ಯಾರೂ ಇಲ್ಲ, ಹಾಗಾಗಿ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿ ಅಂತ ಇನ್ನೊಂದು ಕಾಗದ. ಎರಡು ಕಾಗದ, ಎರಡು ಇಲಾಖೆ, ಎರಡು ಗಾಡಿ. ಒಂದೇ ದಿನ ಮುಗಿಯಿತು. ಅವತ್ತು ರಾತ್ರಿ ಒಳ್ಳೆ ಕೆಲಸ ಮಾಡಿದ ಸಮಾಧಾನದಲ್ಲೇ ಮಲಗಿದೆ.

ಗಾಡಿ ಹತ್ತುವಾಗ ಹುಡುಗಿ ಒಂದೇ ಮಾತು ಕೇಳಿದ್ದಳು. "ಅಕ್ಕಾ, ಸಂಜೆ ಅಜ್ಜಿಗೆ ತಟ್ಟೆ ಯಾರು ಕೊಡ್ತಾರೆ?" ಊಟದ ಬಗ್ಗೆ ಕೇಳುತ್ತಿದ್ದಾಳೆ ಅಂದುಕೊಂಡೆ. ಅಲ್ಲಿ ಊಟ ಚೆನ್ನಾಗಿ ಕೊಡ್ತಾರೆ ಪುಟ್ಟಾ ಅಂದೆ. ಅವಳು ಕೇಳಿದ್ದೇ ಬೇರೆ. ಸಂಜೆ ಕೈಗೊಂದು ತಟ್ಟೆ ಕೊಟ್ಟರೆ ಅಜ್ಜಿ ಅದನ್ನು ಒರೆಸುತ್ತಾ ಕೂರುತ್ತಾರೆ, ಹೊರಗೆ ಹೊರಡುವುದಿಲ್ಲ. ಎಷ್ಟೋ ಸಂಜೆಗಳಲ್ಲಿ ಅವಳೇ ಕಂಡುಕೊಂಡ ಉಪಾಯ ಅದು.

ಹನ್ನೊಂದು ದಿನ

ಆಶ್ರಮದಲ್ಲಿ ಅಜ್ಜಿಯ ಮಾತು ಯಾರಿಗೂ ಅರ್ಥವಾಗಲಿಲ್ಲ. ಅವರ ಮನೆಮಾತು ಕನ್ನಡವಲ್ಲ. ಕೊಡವ ತಕ್ಕ್, ಅರೆಭಾಷೆ, ಎರವರ ಮಾತು, ಕುರುಬರ ಮಾತು, ತುಳು, ಮಲಯಾಳಂ, ಈಗ ಅಸ್ಸಾಮಿನಿಂದ ಬಂದವರ ಮಾತು, ಎಲ್ಲವೂ ಕೇಳಿಸುವ ಜಿಲ್ಲೆ ನಮ್ಮದು. ಆದರೂ ನಮ್ಮ ವರದಿಗಳಲ್ಲಿ ಭಾಷೆಗೆ ಒಂದು ಸಾಲು ಕೂಡ ಇರುವುದಿಲ್ಲ. ಅಜ್ಜಿಗೆ ಮೊದಲು ಬಳಸುತ್ತಿದ್ದ ಸ್ವಲ್ಪ ಕನ್ನಡವೂ ಮರೆತುಹೋಗಿತ್ತು. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದು ಉಂಟು. ನಾಲ್ಕನೇ ದಿನದಿಂದ ಊಟ ಕಡಿಮೆ ಮಾಡಿದರು. ಎಂಟನೇ ದಿನ ಬಚ್ಚಲಲ್ಲಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಬಾಲಮಂದಿರದಲ್ಲಿ ಹುಡುಗಿ ಯಾರ ಜೊತೆಗೂ ಮಾತಾಡಲಿಲ್ಲ. ಸಂಜೆ ಆದರೆ ಕಿಟಕಿ ಹತ್ತಿರ ನಿಲ್ಲುತ್ತಾಳೆ, ಹಠ ಜಾಸ್ತಿ ಅಂತ ನನಗೆ ಫೋನ್ ಬಂತು. ಹನ್ನೊಂದನೇ ದಿನ ಶಾಲೆಯಿಂದ ಹಾಗೇ ಹೊರಟುಬಿಟ್ಟಳು. ಬಸ್ಸು ಹತ್ತಿದಳು. ಕೈಯಲ್ಲಿ ದುಡ್ಡಿರಲಿಲ್ಲ. ಸಮವಸ್ತ್ರದ ಹುಡುಗಿ ಶಾಲೆ ಹೊತ್ತಲ್ಲಿ ಒಬ್ಬಳೇ ಇದ್ದಾಳೆ ಅಂತ ಕಂಡಕ್ಟರ್‌ಗೆ ಅನುಮಾನ ಬಂತು. ಬೈಯಲಿಲ್ಲ, ಕೆಳಗಿಳಿಸಲೂ ಇಲ್ಲ. ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಮುಂದಿನ ಬಸ್ ನಿಲ್ದಾಣದಲ್ಲಿ ಪೊಲೀಸರಿಗೆ ತಿಳಿಸಿದರು.

ಅಪ್ಪ ಆ ಹನ್ನೊಂದು ದಿನದಲ್ಲಿ ಮೂರು ದಿನ ಮಾತ್ರ ಕೆಲಸಕ್ಕೆ ಹೋಗಿದ್ದರು. ಉಳಿದ ದಿನ ಕುಡಿತ.

ಒಂದು ಮನೆಯ ಮೂರೂ ಜನರ ಸ್ಥಿತಿ ನಾವು ಕೈ ಹಾಕಿದ ಮೇಲೆ ಹಾಳಾಗಿತ್ತು. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ, ಮಗುವಿನ ಮಾತು ಕೇಳಬೇಕು, ಎರಡೂ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಇವೆ. ತರಬೇತಿಗಳಲ್ಲಿ ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಆ ದಿನ ನನಗೇ ನೆನಪಾಗಲಿಲ್ಲ. ಸಮಿತಿಯ ಮುಂದೆ ನನ್ನ ವರದಿ ತಪ್ಪಾಗಿದೆ ಅಂತ ಬರೆದುಕೊಟ್ಟೆ. ಎಲ್ಲರನ್ನೂ ಒಂದೇ ಕಡೆ ಕೂರಿಸಿ ಮತ್ತೆ ನೋಡಲು ಅವಕಾಶ ಕೇಳಿದೆ. ಸಮಿತಿ ಒಪ್ಪಿತು.

ಕ್ಯಾಲೆಂಡರ್ ಹಾಳೆಯ ಹಿಂದೆ

ಸಭೆ ನಡೆದದ್ದು ಗ್ರಾಮ ಪಂಚಾಯಿತಿ ಸಭಾಂಗಣದಲ್ಲಿ. ಪಿಡಿಒ, ಆಶಾ ಅಕ್ಕ, ಸಿಸ್ಟರ್, ಕ್ಲಾಸ್ ಟೀಚರ್, ಅಂಗನವಾಡಿ ಕಾರ್ಯಕರ್ತೆ, ಬೀಟ್ ಪೊಲೀಸ್, ಗ್ರಾಮ ಆಡಳಿತಾಧಿಕಾರಿ, ಕಾರ್ಮಿಕ ನಿರೀಕ್ಷಕರು, ಮಕ್ಕಳ ರಕ್ಷಣಾ ಸಿಬ್ಬಂದಿ, ನಾನು. ಪಿಡಿಒ ಇನ್ನೊಬ್ಬರನ್ನೂ ಕರೆದಿದ್ದರು, ಅರಣ್ಯ ಇಲಾಖೆಯ ಆರ್‌ಆರ್‌ಟಿ ತಂಡದ ಒಬ್ಬ ಹುಡುಗ. ಆನೆ ಓಡಿಸುವವರು. ಇವರ್ಯಾಕೆ ಅಂತ ನನಗೆ ಅನ್ನಿಸಿತ್ತು.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಂಡೆವು. ಯಾರು ಎಷ್ಟು ಹೇಳಬೇಕು? ಈ ಮನೆಯ ಬಗ್ಗೆ ತೀರ್ಮಾನಕ್ಕೆ ಬೇಕಾದಷ್ಟು ಮಾತ್ರ. ಅಮ್ಮ ಹೇಗೆ ತೀರಿಕೊಂಡರು, ಅಪ್ಪನ ಹಳೆ ಕೇಸು, ಯಾವುದೂ ಬೇಡ. ಫೋನ್‌ಗಳು ಮೇಜಿನ ಮೇಲೆ. ಇದಕ್ಕೆ ಕಾರಣ ಇತ್ತು. ಹುಡುಗಿಯನ್ನು ಕರೆತಂದ ದಿನದ ಫೋಟೋ ಒಂದು ವಾಟ್ಸಾಪ್ ಗುಂಪಿಗೆ ಹೋಗಿತ್ತು. ಹಾಕಿದವರು ಮೆಚ್ಚುಗೆಗೆ ಹಾಕಿದ್ದರು. ಅಳಿಸಿದೆವು, ಆದರೆ ಅಷ್ಟರಲ್ಲಿ ಪಕ್ಕದ ಲೈನಿನವರು ನೋಡಿಯಾಗಿತ್ತು.

ಆಮೇಲೆ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ ಅಂಟಿಸಿದೆವು. ಜೂನ್‌ನಿಂದ ಜನವರಿ ತನಕ ಗೆರೆ ಎಳೆದೆವು. ಅಭಿಪ್ರಾಯ ಬೇಡ, ಬರೀ ತಾರೀಕು ಹೇಳಿ ಅಂದೆ. ಟೀಚರ್ ಹಾಜರಿ ಪುಸ್ತಕ ತೆಗೆದು ಗೈರಾದ ದಿನಗಳಿಗೆ ಚುಕ್ಕೆ ಇಟ್ಟರು. ಆಶಾ ಅಕ್ಕ ತಮ್ಮ ಡೈರಿಯಿಂದ ಭೇಟಿಯ ದಿನ ಬರೆದರು. ಕಾರ್ಮಿಕ ನಿರೀಕ್ಷಕರು ತೋಟದ ತೂಕದ ಪುಸ್ತಕದ ನಕಲು ತಂದಿದ್ದರು.

ಆರ್‌ಆರ್‌ಟಿ ಹುಡುಗ ತನ್ನ ಪುಸ್ತಕ ತೆಗೆದ. "ಮೇಡಂ, ಈ ಅಜ್ಜಿ ನಮಗೆ ಗೊತ್ತು. ನಾಲ್ಕು ಸಲ ನಾವೇ ಮನೆಗೆ ಬಿಟ್ಟು ಬಂದಿದ್ದೀವಿ." ಜೂನ್‌ನಲ್ಲಿ ಎರಡು ರಾತ್ರಿ, ಜುಲೈನಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು. ಜೀಪಿನ ಲೈಟಿನಲ್ಲಿ ಕಂಡಿದ್ದರು. ಒಂದು ಸಲ ಆನೆ ಗುಂಪು ಬರೀ ಇನ್ನೂರು ಅಡಿ ದೂರದಲ್ಲಿತ್ತಂತೆ. ಪ್ರತಿ ಸಲವೂ ಜೊತೆಗೆ ಒಂದು ಹುಡುಗಿ ಇದ್ದಳು. ಅಜ್ಜಿಯ ಸೆರಗು ಹಿಡಿದುಕೊಂಡಿದ್ದಳು.

ಆ ನಾಲ್ಕು ರಾತ್ರಿಗಳನ್ನು ಹಾಳೆಯ ಮೇಲೆ ಬರೆದೆವು. ನಾಲ್ಕಕ್ಕೂ ಮರುದಿನದ ಮೇಲೆ ಟೀಚರ್ ಇಟ್ಟ ಚುಕ್ಕೆ ಇತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಗ ಆಶಾ ಅಕ್ಕ ಮೊದಲ ಸಲ ಆ ಹತ್ತಿಯ ವಿಷಯ ಹೇಳಿದರು. ಸೊಟ್ಟ ಹೊಲಿಗೆಯ ವಿಷಯ. ಬೀಟ್ ಪೊಲೀಸ್ ತಲೆ ತಗ್ಗಿಸಿ, ಅವತ್ತು ಬಾಗಿಲ ಹಿಂದೆ ಆ ಹುಡುಗಿ ಇದ್ದಳು, ನಾನು ಕೇಳಬೇಕಿತ್ತು ಅಂದರು.

ತೂಕದ ಪುಸ್ತಕ ಇನ್ನೊಂದು ಕಥೆ ಹೇಳಿತು. ಜನವರಿಯಲ್ಲಿ ಅಪ್ಪನ ಹೆಸರಲ್ಲಿ ದಿನಕ್ಕೆ 80 ಕೆಜಿ ಆಸುಪಾಸು ಕೊಯ್ಲು. ಹುಡುಗಿ ಶಾಲೆಗೆ ಬಾರದ ದಿನಗಳಲ್ಲಿ ಅದು 110 ದಾಟಿತ್ತು. ಅವಳು ಕೊಯ್ದ ಹಣ್ಣು ಅಪ್ಪನ ಲೆಕ್ಕಕ್ಕೆ ಸೇರುತ್ತಿತ್ತು, ಅವಳ ಹೆಸರು ಎಲ್ಲೂ ಬರುತ್ತಿರಲಿಲ್ಲ. ಮುಂಗಡ ಬೇಗ ತೀರಲಿ ಅಂತ ಅಪ್ಪ ಕರೆದುಕೊಂಡು ಹೋಗುತ್ತಿದ್ದರು.

ಹಾಗಾಗಿ ಗೈರುಹಾಜರಿ ಒಂದೇ ಆದರೂ ಕಾರಣ ಎರಡು. ಮಳೆಗಾಲದ್ದು ಅಜ್ಜಿಗಾಗಿ, ಕೊಯ್ಲಿನದ್ದು ಸಾಲಕ್ಕಾಗಿ. ಎರಡನ್ನೂ ಬೇರೆ ಬೇರೆ ಮಾಡಿದ ಮೇಲೆ ಯಾರು ಏನು ಮಾಡಬೇಕು ಅನ್ನುವುದು ತಾನಾಗಿ ಕಾಣಿಸಿತು.

ಕಾನೂನು ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಮಗುವಿಗೆ ನಮ್ಮ ಕಾನೂನು ಗಟ್ಟಿಯಾಗಿದೆ. ಸಮಿತಿ ಇದೆ, ಗಡುವು ಇದೆ, ಸಹಾಯವಾಣಿ ಇದೆ. 14 ವರ್ಷದೊಳಗಿನವರನ್ನು ದುಡಿಸಿಕೊಳ್ಳುವುದು 2016ರ ತಿದ್ದುಪಡಿಯ ನಂತರ ಪೂರ್ತಿ ನಿಷೇಧ. ಮಾಲೀಕರಿಗೆ 6 ತಿಂಗಳಿಂದ 2 ವರ್ಷದ ತನಕ ಜೈಲು, 20,000ದಿಂದ 50,000 ರೂಪಾಯಿ ತನಕ ದಂಡ, ಅಥವಾ ಎರಡೂ. 'ಅಪ್ಪನ ಜೊತೆ ಬಂದದ್ದು, ನಾವು ಕರೆದಿಲ್ಲ' ಅಂತ ತೋಟದವರು ಹೇಳಿದರು. ಮಗು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಸ್ವಂತ ಕುಟುಂಬದ ಕೆಲಸದಲ್ಲಿ ಕೈ ಜೋಡಿಸುವುದಕ್ಕೆ ಮಾತ್ರ ವಿನಾಯಿತಿ. ಇನ್ನೊಬ್ಬರ ತೋಟದಲ್ಲಿ, ಶಾಲೆಯ ಹೊತ್ತಲ್ಲಿ ಮಾಡಿದ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ ಅಂತ ನಿರೀಕ್ಷಕರು ಸ್ಪಷ್ಟವಾಗಿ ಹೇಳಿದರು. ಪ್ರಕರಣ ದಾಖಲಾಯಿತು. ಅದು ಈಗಲೂ ನ್ಯಾಯಾಲಯದಲ್ಲಿದೆ.

ಇಲ್ಲಿ ಒಂದು ಮುಖ್ಯ ತೀರ್ಮಾನ ಇತ್ತು. ಪ್ರಕರಣ ಬಿಡುವ ಹಾಗಿಲ್ಲ. ಆದರೆ ಅದರ ಸಿಟ್ಟಿಗೆ ಅಪ್ಪನ ಕೆಲಸ ಹೋದರೆ ಮನೆ ಹೋಗುತ್ತದೆ. ನೋಟಿಸ್ ಕೊಡುವ ಮುಂಚೆಯೇ ನಿರೀಕ್ಷಕರು ಮತ್ತು ಪಿಡಿಒ ಸೇರಿ ಮಾಲೀಕರ ಜೊತೆ ಮಾತಾಡಿದರು. ಈ ಕಾರಣಕ್ಕೆ ಕುಟುಂಬವನ್ನು ಹೊರಹಾಕುವುದಿಲ್ಲ, ಮುಂಗಡವನ್ನು ನೆಪ ಮಾಡಿ ಕೆಲಸಕ್ಕೆ ಕಟ್ಟಿಹಾಕುವುದಿಲ್ಲ ಅಂತ ಬರೆಸಿಕೊಂಡರು. ಮುಂಗಡ ತೀರುವ ತನಕ ಬಿಡುವುದಿಲ್ಲ ಅಂದಿದ್ದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಬೇರೆಯೇ ಪ್ರಕರಣ ಆಗುತ್ತಿತ್ತು. ಅದನ್ನೂ ತಿಳಿಸಿ ಹೇಳಿದರು. ಧಣಿ ಒಪ್ಪಿದರು.

ಅಜ್ಜಿಯ ವಿಷಯದಲ್ಲಿ ನಾವು ಒದ್ದಾಡಿದೆವು. ವಯಸ್ಸಾದ, ತಮ್ಮನ್ನು ತಾವು ನೋಡಿಕೊಳ್ಳಲಾರದ ವ್ಯಕ್ತಿಗೆ ಮಕ್ಕಳ ಕಲ್ಯಾಣ ಸಮಿತಿಯಂಥ ಒಂದು ಜಾಗ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಬಹುದು. ಆಸ್ತಿ ಬರೆಸಿಕೊಂಡು ಹೊರಹಾಕಿದ ಮಕ್ಕಳ ವಿರುದ್ಧ ಅದು ಒಳ್ಳೆ ಅಸ್ತ್ರ. ಬಟವಾಡೆ ದಿನ ಕೈಗೆ ಬಂದದ್ದು ಸೋಮವಾರಕ್ಕೆ ಖಾಲಿಯಾಗುವ ಮಗನಿಂದ ಯಾವ ಜೀವನಾಂಶ? ತೊರೆದ ಮಕ್ಕಳಿಗೆ 3 ತಿಂಗಳ ತನಕ ಜೈಲು ಅಂತ 24ನೇ ಕಲಂ ಹೇಳುತ್ತದೆ. ಇವರು ತೊರೆದಿರಲಿಲ್ಲ. ಅರ್ಜಿ ಬೇಡ ಅಂತ ತೀರ್ಮಾನಿಸಿದೆವು. ಬೀಟ್ ಪೊಲೀಸ್ ಒಬ್ಬರಿಗೆ ಇದು ಸರಿ ಅನ್ನಿಸಲಿಲ್ಲ, ಒಂದು ಭಯ ಇರಬೇಕು ಅಂದರು. ಅವರ ಮಾತನ್ನೂ ನಡಾವಳಿಯಲ್ಲಿ ಬರೆದೆವು.

ಬದಲಿಗೆ ಅಜ್ಜಿಯನ್ನು ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅದಕ್ಕೂ ಮುಂಚೆ ಯಾರೂ ಅವರ ಮರೆವಿಗೆ ಹೆಸರು ಇಟ್ಟಿರಲಿಲ್ಲ. ಮರೆವಿನ ಕಾಯಿಲೆ ಇತ್ತು, ಅದರ ಜೊತೆ ಬಿ12 ತುಂಬಾ ಕಡಿಮೆ ಇತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಕಾಣದವರಿಗೆ ಸಂಜೆಯ ನೆರಳುಗಳು ಇನ್ನಷ್ಟು ಗಾಬರಿ ಹುಟ್ಟಿಸುತ್ತವೆ ಅಂತ ವೈದ್ಯರು ವಿವರಿಸಿದರು. ಇಂಜೆಕ್ಷನ್ ಶುರುವಾಯಿತು. ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಈ ಎರಡನ್ನು ಸರಿ ಮಾಡಬಹುದು ಅಂದರು.

ರೇಷನ್ ಕಾರ್ಡಿನಲ್ಲಿ ಇಲ್ಲದವರು

ಇನ್ನು ಇಬ್ಬರೂ ಎಲ್ಲಿರಬೇಕು? ಕುಟುಂಬದಲ್ಲಿ ಬೇರೆ ಯಾರೂ ಇಲ್ಲ ಅಂತ ಮೊದಲ ವರದಿಯಲ್ಲಿ ಬರೆದಿದ್ದೆ. ಯಾಕೆ ಹಾಗೆ ಬರೆದೆ? ರೇಷನ್ ಕಾರ್ಡ್ ನೋಡಿ. ಅದರಲ್ಲಿ ಮೂರೇ ಹೆಸರು.

ಈ ಸಲ ಹುಡುಗಿಯ ಜೊತೆ ಮಾತಾಡಲು ಅವಳ ಮನೆಮಾತು ಬಲ್ಲ ಅಂಗನವಾಡಿ ಸಹಾಯಕಿಯನ್ನು ಕರೆದುಕೊಂಡು ಹೋದೆ. ಇಬ್ಬರೂ ನೆಲದ ಮೇಲೆ ಕೂತು ಮಾತಾಡಿದರು. ನಾನು ದೂರದಲ್ಲಿದ್ದೆ. ಹತ್ತು ನಿಮಿಷಕ್ಕೆ ಹುಡುಗಿ ನಕ್ಕಿದ್ದು ಕೇಳಿಸಿತು, ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಅಪ್ಪನ ತಂಗಿ ಇದ್ದಾರೆ, ಇನ್ನೊಂದು ತೋಟದಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಣ್ಣನ ಕುಡಿತಕ್ಕೆ ಬೇಸತ್ತು ಎರಡು ವರ್ಷದಿಂದ ಬರುವುದು ನಿಲ್ಲಿಸಿದ್ದರು. ಅವ್ವನ ಸ್ಥಿತಿ ಅವರಿಗೆ ಗೊತ್ತೇ ಇರಲಿಲ್ಲ.

ನಾವು ಹೋಗಿ ಹೇಳಿದಾಗ ಅತ್ತೆ ಅತ್ತರು, ಆಮೇಲೆ ನೇರವಾಗಿ ಕೇಳಿದರು. "ಇಬ್ಬರನ್ನೂ ನೋಡ್ಕೋತೀನಿ. ಆದ್ರೆ ನಾನು ಕೆಲಸಕ್ಕೆ ಹೋದಾಗ ಅವ್ವನ್ನ ಯಾರು ನೋಡ್ತಾರೆ? ಅದನ್ನ ನೀವು ಹೇಳಿ." ತುಂಬ ಸರಿಯಾದ ಪ್ರಶ್ನೆ. ಪ್ರೀತಿ ಇದೆ ಅಂತ ಜವಾಬ್ದಾರಿಯನ್ನು ಪೂರ್ತಿ ಒಬ್ಬ ಹೆಂಗಸಿನ ತಲೆಗೆ ಕಟ್ಟಿ ಕಡತ ಮುಚ್ಚುವುದು ನಮ್ಮ ವ್ಯವಸ್ಥೆಯ ಹಳೆ ಚಾಳಿ.

ಉತ್ತರ ತುಂಡು ತುಂಡಾಗಿ ಸಿಕ್ಕಿತು. ಅತ್ತೆಯ ಲೈನಿನಲ್ಲಿ ಕೆಲಸ ನಿಲ್ಲಿಸಿದ ಇಬ್ಬರು ಹಿರಿಯ ಹೆಂಗಸರು ಹಗಲು ಮನೆಯಲ್ಲೇ ಇರುತ್ತಾರೆ, ಅಜ್ಜಿಯ ಮಾತೇ ಆಡುತ್ತಾರೆ. ಅಜ್ಜಿಯ ಪಿಂಚಣಿಯನ್ನು ಅಂಚೆ ಖಾತೆಗೆ ಬದಲಿಸಿದೆವು. ಈಗ ಅಂಚೆಯಣ್ಣ ಮನೆಗೆ ತಂದು ಅಜ್ಜಿಯ ಕೈಗೇ ಕೊಡುತ್ತಾರೆ. ಅದರಲ್ಲಿ ಸ್ವಲ್ಪ ಆ ಇಬ್ಬರ ಕಾಫಿ, ಎಲೆ ಅಡಿಕೆಗೆ ಅಂತ ಅತ್ತೆ ಕೊಡುತ್ತಾರೆ. ಹುಡುಗಿಗೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಮಂಜೂರಾಯಿತು. ಮೊದಲ ಕಂತು ಬರಲು ಐದು ತಿಂಗಳು ಹಿಡಿಯಿತು, ಆ ಐದು ತಿಂಗಳು ಅತ್ತೆ ಸಾಲ ಮಾಡಿದರು. ಇದನ್ನು ಮುಚ್ಚಿಟ್ಟು ಯಶಸ್ಸಿನ ಕಥೆ ಬರೆಯಲು ನನಗೆ ಮನಸ್ಸಿಲ್ಲ.

ಹೊಸ ಶಾಲೆಗೆ ಸೇರಿಸುವಾಗ ಟಿಸಿ ಬಂದಿರಲಿಲ್ಲ. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂನಲ್ಲಿ ಅದು ಇದೆ. ಮುಖ್ಯ ಶಿಕ್ಷಕಿಗೆ ತೋರಿಸಿದೆವು, ಅವತ್ತೇ ಹಾಜರಿಗೆ ಹೆಸರು ಬಂತು.

ಅಪ್ಪನ ಕಡೆಯಿಂದ ಒಳ್ಳೆ ಸುದ್ದಿ ಅರ್ಧ. ಚಿಕಿತ್ಸೆಗೆ ಎರಡು ಸಲ ಸೇರಿದರು. ಮೊದಲ ಸಲ ಆರು ದಿನಕ್ಕೆ ವಾಪಸ್. ಎರಡನೇ ಸಲ ಪೂರ್ತಿ ಇದ್ದರು, ಮೂರು ತಿಂಗಳು ಕುಡಿಯಲಿಲ್ಲ, ಮತ್ತೆ ಶುರು ಮಾಡಿದರು. ಭಾನುವಾರ ತಂಗಿಯ ಮನೆಗೆ ಬರುತ್ತಾರೆ. ಕುಡಿದು ಬಂದರೆ ಅತ್ತೆ ಒಳಗೆ ಬಿಡುವುದಿಲ್ಲ. ಆ ಭಾನುವಾರಗಳಲ್ಲಿ ಅವರು ಜಗುಲಿಯ ಹೊರಗೆ ಕೂತು ಮಗಳ ಜೊತೆ ಮಾತಾಡಿ ಹೋಗುತ್ತಾರೆ.

ಈಗ ಬೇರೆ ಮಾಡುವುದು

ಆ ಸಭೆಯ ನಂತರ ನಮ್ಮ ತಾಲೂಕಿನಲ್ಲಿ ನಾವು ಕೆಲವರು ಕೆಲಸದ ರೀತಿ ಬದಲಿಸಿಕೊಂಡಿದ್ದೇವೆ. ಮಗುವಿನ ವರದಿ ಬರೆಯುವಾಗ, ಈ ಮನೆಯಲ್ಲಿ ಯಾರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಕೇಳುತ್ತೇವೆ. ಹಿರಿಯರ ದೂರು ಬಂದರೆ ಮನೆಯ ಮಕ್ಕಳ ಶಾಲೆಯ ಹಾಜರಿ ನೋಡುತ್ತೇವೆ. ಪೊಲೀಸರು ಮನೆಗೆ ಹೋದಾಗ ಬಾಗಿಲ ಹಿಂದೆ ಮಗು ಇದ್ದರೆ ಅದರ ಹೆಸರು, ಶಾಲೆ ಬರೆದುಕೊಂಡು ಬರುತ್ತಾರೆ. ಸಂಬಂಧಿಕರನ್ನು ರೇಷನ್ ಕಾರ್ಡಿನಲ್ಲಿ ಹುಡುಕುವುದು ಬಿಟ್ಟು, ಮದುವೆ ಸಾವಿಗೆ ಯಾರು ಬರುತ್ತಾರೆ ಅಂತ ಕೇಳುತ್ತೇವೆ. ಒಂದೇ ಮನೆಯ ಇಬ್ಬರನ್ನು ಬೇರೆ ಮಾಡಬೇಕಾದರೆ ಎರಡೂ ಕಡತ ಒಂದೇ ಮೇಜಿಗೆ ಬರಬೇಕು, ಇಬ್ಬರನ್ನೂ ಅವರ ಭಾಷೆಯಲ್ಲಿ ಕೇಳಿರಬೇಕು. ಆರ್‌ಆರ್‌ಟಿ ತಂಡದವರು, ಬಸ್ ಕಂಡಕ್ಟರ್, ಅಂಚೆಯಣ್ಣ, ಇವರ ನಂಬರ್ ಆಶಾ ಅಕ್ಕನ ಫೋನಿನಲ್ಲಿವೆ, ಅವರ ಹತ್ತಿರ ಆಶಾ ಅಕ್ಕನ ನಂಬರ್ ಇದೆ. ಕೊಡಗಿನಂಥ ಜಾಗದಲ್ಲಿ, ಮನೆಗೂ ಮನೆಗೂ ಅರ್ಧ ಗುಡ್ಡ ಇರುವಲ್ಲಿ, ರಸ್ತೆಯ ಮೇಲೆ ಇರುವವರೇ ಜಾಸ್ತಿ ನೋಡುತ್ತಾರೆ.

ಇದಕ್ಕೆಲ್ಲ ಹೊಸ ಹಣ ಬೇಕಾಗಲಿಲ್ಲ. ಸಮಯ ಬೇಕಾಯಿತು. ಒಂದು ಮನೆಗೆ ಮೂರು ಗಂಟೆಯ ಸಭೆ ಅಂದರೆ ಅಧಿಕಾರಿಗಳಿಗೆ ಕಷ್ಟ, ನಿಜ. ತಪ್ಪು ತೀರ್ಮಾನದ ನಂತರ ಹನ್ನೊಂದು ದಿನದಲ್ಲಿ ನಾವೆಲ್ಲ ಓಡಾಡಿದ ಗಂಟೆಗಳನ್ನು ಒಂದು ಸಲ ಕೂಡಿಸಿ ನೋಡಿದ್ದೆ. ಮೂರಕ್ಕಿಂತ ಎಷ್ಟೋ ಜಾಸ್ತಿ.

ನಾನು ಕೊನೆಯ ಸಲ ಹೋದದ್ದು ಮುಂದಿನ ಜೂನ್‌ನಲ್ಲಿ. ಮಳೆ ಹಿಡಿದಿತ್ತು. ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದರು. ನನ್ನ ಗುರುತು ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಬಾಗಿಲ ಚಿಲಕಕ್ಕೆ ಅತ್ತೆ ಒಂದು ದನದ ಗಂಟೆ ಕಟ್ಟಿದ್ದರು, ಬಾಗಿಲು ತೆರೆದರೆ ಲೈನಿಗೆಲ್ಲ ಕೇಳಿಸುತ್ತದೆ. ಸಂಜೆಯಾದಾಗ ಹುಡುಗಿ ಶಾಲೆಯ ಚೀಲ ಇಟ್ಟು, ಒಂದು ಸ್ಟೀಲ್ ತಟ್ಟೆ ಮತ್ತು ಬಟ್ಟೆ ತಂದು ಅಜ್ಜಿಯ ಮಡಿಲಲ್ಲಿ ಇಟ್ಟಳು. ಆಮೇಲೆ ಹೋಂವರ್ಕ್ ಬರೆಯಲು ಕೂತಳು.

ಜುಲೈನಲ್ಲಿ ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಆಶಾ ಅಕ್ಕನ ಫೋನ್. ಹುಡುಗಿ ಎರಡು ದಿನದಿಂದ ಶಾಲೆಗೆ ಬಂದಿಲ್ಲ ಅಂತ ಟೀಚರ್ ಆಗಲೇ ಅವರಿಗೆ ಹೇಳಿದ್ದರು, ಅವರು ಮನೆಗೂ ಹೋಗಿ ಬಂದಿದ್ದರು. "ಜ್ವರ ಕಣಕ್ಕಾ, ಮಾತ್ರೆ ಕೊಟ್ಟಿದ್ದೀನಿ. ಸೋಮವಾರ ಹೋಗ್ತಾಳೆ." ಸೋಮವಾರ ಹೋದಳು.